ಬೆದರಿದ ಜೀವದ ಪಕ್ಕದಲ್ಲಿ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ನಮ್ಮ ಧಮ್ಮ ಅಧ್ಯಯನ ಬಳಗದ ಇವತ್ತಿನ ಚಿಂತನ ಬರೆಯುವ ಪಾಳಿ ನನ್ನದು. ಸ್ವಲ್ಪ ಉದ್ದ ಆಗಿದೆ, ಬಿಡುವಾದಾಗ ಓದಿರಿ.

ದೀಪಾವಳಿ ರಜೆಗೆ ಹಿರೇಕೆರೂರು ತಾಲೂಕಿನ ನನ್ನ ತವರೂರಿಗೆ ಹೋಗಿದ್ದೆ. ಯಜಮಾನರಿಗೆ ರಜೆ ಇರಲಿಲ್ಲ. ನಾನು, ಮಗಳು, ನಮ್ಮ ನಾಯಿ ಮೋತಿ, ಮೂವರೇ. ಮೋತಿಯನ್ನು ಹಾನಗಲ್ಲಿನಲ್ಲಿ ಬಿಟ್ಟು ಹೋಗುವಂತಿರಲಿಲ್ಲ. ನಮ್ಮ ಓಣಿಯಲ್ಲಿ ನೀರು ತುಂಬುವ ಹಬ್ಬದ ಸಂಜೆಗೇ ಪಟಾಕಿ ಶುರುವಾಗುತ್ತದೆ. ಹೋದ ವರ್ಷ ಆ ಸಪ್ಪಳಕ್ಕೆ ಅದು ಕಂಪೌಂಡು ಜಿಗಿದು ಓಡಿಹೋಗಿ, ಎರಡು ದಿನದ ಮೇಲೆ ಆನೆಕೆರೆಯ ಕಡೆ ಸಿಕ್ಕಿತ್ತು. ಮಗಳು ಆ ಎರಡು ದಿನ ಅನ್ನ ಮುಟ್ಟಿರಲಿಲ್ಲ. ಹಳ್ಳಿಯಲ್ಲಾದರೆ ಗದ್ದಲ ಕಡಿಮೆ, ಮೂವರೂ ನಾಲ್ಕು ದಿನ ಶಾಂತ ಇದ್ದು ಬರೋಣ ಎಂದುಕೊಂಡು ಹೊರಟೆ.

ಹೋರಿ ಹಬ್ಬವನ್ನು ಮರೆತೇಬಿಟ್ಟಿದ್ದೆ ನೋಡಿ!

ನಮ್ಮ ನಾಲ್ಕೂ ತಾಲೂಕಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬಳಗದಲ್ಲಿ ಬೇರೆ ಜಿಲ್ಲೆಯವರೂ ಇರುವುದರಿಂದ ಎರಡು ಮಾತು. ದೀಪಾವಳಿ ಪಾಡ್ಯದಿಂದ ಶುರುವಾಗಿ ವಾರಗಟ್ಟಲೆ ನಮ್ಮ ಕಡೆ ಊರೂರಲ್ಲಿ ಹೋರಿ ಓಡಿಸುತ್ತಾರೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿ, ಮೈಮೇಲೆ ಝೂಲ ಹಾಕಿ, ಕೋಡಿಗೆ ಬಲೂನು ರಿಬ್ಬನ್ನು ಕಟ್ಟಿ, ಎರಡೂ ಕಡೆ ಜನ ನಿಂತ ದಾರಿಯಲ್ಲಿ ಬಿಡುತ್ತಾರೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹೋರಿ ಯಾರ ಕೈಗೂ ಸಿಗದೆ ದಾಟಿಹೋಗಬೇಕು. ಡಿ.ಜೆ., ಪಟಾಕಿ, ಸಿಳ್ಳೆ, ಮೈಕು. ಅದರ ಹೆಸರನ್ನೇ ಒಮ್ಮೆ ಕಿವಿಗೊಟ್ಟು ಕೇಳಿ: ಹೋರಿ ಬೆದರಿಸುವ ಹಬ್ಬ. ಎಂ.ಎ. ಕನ್ನಡ ಓದಿ ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಆ ನಡುವಿನ ಪದದ ಅರ್ಥ ಈ ಸಲವೇ ತಟ್ಟಿದ್ದು.

ಮೊದಲ ರಾತ್ರಿ ಊರಿನ ಅಗಸಿಯಲ್ಲಿ ಸರಪಟಾಕಿ ಹಚ್ಚಿದರು. ಮೋತಿ ಮಂಚದ ಕೆಳಗೆ ಹೊಕ್ಕು, ಗೋಡೆಗೆ ಮೈಯೊತ್ತಿ ಮುದ್ದೆಯಾಯಿತು. ನಾಲಗೆ ಹೊರಗೆ, ಕಣ್ಣು ಬಿಳಿ, ಬಾಯಿಂದ ಜೊಲ್ಲು. ಕರೆದರೆ ಕೇಳದು, ಬಿಸ್ಕೀಟು ಮೂಸದು. ನಮ್ಮ ಕಿವಿಗೆ ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನದವರೆಗಿನ ಸದ್ದು ಕೇಳಿಸುತ್ತದೆ, ನಾಯಿಗೆ 45,000ದ ಆಸುಪಾಸಿನದೂ ಕೇಳಿಸುತ್ತದೆ. ಯಾಕೆ, ಎಲ್ಲಿಂದ, ಎಷ್ಟು ಹೊತ್ತು ಎಂಬುದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಸುಪ್ರೀಂ ಕೋರ್ಟು 2018ರಲ್ಲಿ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಎಂದು ಹೊತ್ತು ಗೊತ್ತು ಮಾಡಿದೆ. ನಮ್ಮೂರಿನ ಗಡಿಯಾರಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅಣ್ಣನ ಮನೆಯ ಬೆಕ್ಕು ಒಂದೇ ಜಾಣೆ. ಸಂಜೆಗೇ ಮೂರು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗಿ ಅಟ್ಟದ ಮೇಲೆ ಕಾಳಿನ ಚೀಲಗಳ ಸಂದಿಯಲ್ಲಿಟ್ಟು ಮಲಗಿಬಿಟ್ಟಿತ್ತು.

ಮಗಳು ಅಳತೊಡಗಿದಳು. "ಮಮ್ಮಿ, ಏನರ ಮಾಡು" ಅಂದಳು. ಮಾಡುವುದಕ್ಕೆ ಏನಿತ್ತು? ಕಿಟಕಿ ಮುಚ್ಚಿ, ದೀಪ ಸಣ್ಣದು ಮಾಡಿ, ನಾನೂ ಮಂಚದ ಪಕ್ಕ ನೆಲದ ಮೇಲೆ ಕೂತೆ. ಮುಟ್ಟಲು ಹೋದರೆ ಗುರ್ ಎನ್ನುತ್ತಿತ್ತು, ಅದಕ್ಕೆ ಮುಟ್ಟಲಿಲ್ಲ. ಬರೀ ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಆಗ ನೆನಪಾದದ್ದು ಮಜ್ಝಿಮ ನಿಕಾಯದ ನಾಲ್ಕನೆಯ ಸುತ್ತ, ಭಯಭೇರವ ಸುತ್ತ. ಎರಡು ವರ್ಷದ ಹಿಂದೆ ವರ್ಷಾವಾಸದಲ್ಲಿ ಅದನ್ನು ನಾವು ಬಳಗದಲ್ಲಿ ಓದಿದ್ದೆವು. ಓದಿದ್ದೆವು ಅಷ್ಟೆ.

ಜಾನುಸ್ಸೋಣಿ ಎಂಬ ಬ್ರಾಹ್ಮಣ ಜೇತವನದಲ್ಲಿ ಭಗವಾನರನ್ನು ಕಂಡು, ಅಡವಿಯಲ್ಲಿ ಒಬ್ಬರೇ ಇರುವುದು ಬಹಳ ಕಷ್ಟವಲ್ಲವೇ ಎಂದು ಕೇಳುತ್ತಾನೆ. ಹೌದು, ಬೋಧಿ ಆಗುವ ಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು ಎಂದು ಭಗವಾನರು ಒಪ್ಪಿಕೊಳ್ಳುತ್ತಾರೆ. ಆ ಒಪ್ಪಿಗೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನನಗೆ ಅಂಜಿಕೆಯೇ ಇರಲಿಲ್ಲ ಎಂದು ಹೇಳುವ ದೇವರು, ಅವತಾರ ಪುರುಷರ ಕಥೆ ಬೇಕಾದಷ್ಟಿವೆ. ಇಲ್ಲಿ ಮಾತಾಡುತ್ತಿರುವವರು ಮನುಷ್ಯರು. ಅಂಜಿಕೆ ಅಂದರೇನು ನೋಡಿಯೇಬಿಡೋಣ ಎಂದು ಅವರು ಅಷ್ಟಮಿ, ಚತುರ್ದಶಿ, ಹುಣ್ಣಿಮೆಯಂಥ ರಾತ್ರಿಗಳಲ್ಲಿ, ಜನ ಹೆದರುವ ತೋಪು, ಕಾಡು, ಮರದ ಕೆಳಗಿನ ಚೈತ್ಯಗಳಿಗೇ ಹೋಗಿ ಇರುತ್ತಿದ್ದರಂತೆ. ಯಾವುದೋ ಪ್ರಾಣಿ ಹತ್ತಿರ ಬರುತ್ತಿತ್ತು, ನವಿಲೊಂದು ಒಣಕಡ್ಡಿ ಬೀಳಿಸುತ್ತಿತ್ತು, ಗಾಳಿಗೆ ತರಗೆಲೆ ಸದ್ದಾಗುತ್ತಿತ್ತು. ಇಗೋ ಬಂತು ಅಂಜಿಕೆ ಅನ್ನಿಸುತ್ತಿತ್ತು. ನಡೆಯುತ್ತಿರುವಾಗ ಬಂದರೆ ನಡೆಯುತ್ತಲೇ, ನಿಂತಾಗ ಬಂದರೆ ನಿಂತೇ, ಕೂತಾಗ ಬಂದರೆ ಕೂತೇ, ಅದು ಇಳಿಯುವತನಕ ಇದ್ದ ಭಂಗಿ ಬದಲಿಸುತ್ತಿರಲಿಲ್ಲ.

ನವಿಲು ಕಡ್ಡಿ ಬೀಳಿಸುವ ಸದ್ದು ಎಷ್ಟು ಸಣ್ಣದು! ಬಂಕಾಪುರದ ಕೋಟೆಯೊಳಗಿನ ನವಿಲುಧಾಮಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಆ ಸದ್ದು ಕೇಳಿದ್ದೇನೆ. ಮುಳ್ಳುಕಂಟಿಯ ಒಳಗೆ ಟಕ್ ಅಂತ ಒಂದು ಸಲ. ನಲವತ್ತು ಮಕ್ಕಳು ಗಪ್ಪಾದರು. ಅದೇ ಕೋಟೆಯೊಳಗೆ ಖಿಲಾರಿ ದನಗಳ ತಳಿ ಕೇಂದ್ರವೂ ಇದೆ. ನಮ್ಮ ಕಡೆಯ ಓಡುವ ಹೋರಿಗಳಲ್ಲಿ ಎಷ್ಟೋ ಅದೇ ಖಿಲಾರಿ ಜಾತಿಯವು.

ಮಂಚದ ಕೆಳಗೆ ಮೋತಿ ಇದ್ದ ಭಂಗಿಯಲ್ಲೇ ಇತ್ತು. ಅದಕ್ಕೆ ಬೇರೆ ದಾರಿ ಇರಲಿಲ್ಲ. ನಾನು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಒಂದೂವರೆಗೆ ಅದರ ಉಸಿರು ನಿಧಾನವಾಯಿತು. ಮೊದಲು ನನ್ನ ಉಸಿರು ನಿಧಾನವಾಯಿತೋ ಅದರದೋ ಹೇಳಲಾರೆ. ಮೂತಿ ತಂದು ನನ್ನ ಪಾದದ ಮೇಲಿಟ್ಟಿತು.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ವೈನಿ ಹಟ್ಟೆವ್ವನನ್ನು ಕೂರಿಸಿದ್ದಳು. ಸೆಗಣಿಯ ಗುಪ್ಪೆ, ಮೇಲೆ ಹೂವು, ಕುಂಕುಮ. 2006ರಲ್ಲಿ, ಬಾಬಾಸಾಹೇಬರ ಧಮ್ಮದೀಕ್ಷೆಗೆ ಐವತ್ತು ತುಂಬಿದ ವರ್ಷ, ನಾನು, ಅಣ್ಣ, ವೈನಿ ಒಟ್ಟಿಗೇ ನಾಗಪುರದ ದೀಕ್ಷಾಭೂಮಿಗೆ ಹೋಗಿ 22 ಪ್ರತಿಜ್ಞೆ ಸ್ವೀಕರಿಸಿದವರು. ನನಗೆ ಸಿಟ್ಟು ಬಂತು. "ವೈನಿ, ಇದೇನು?" ಅಂದೆ. ಅವಳು ತಲೆ ತಗ್ಗಿಸಿ, "ನಂಬಿಕಿ ಇಲ್ಲವಾ ತಂಗೆವ್ವಾ. ಆದರ ಇಡಲಿಲ್ಲಂದ್ರ, ನಾಳೆ ಹೋರಿಗೆ ಏನರ ಆದ್ರ, ಊರ ಮಂದಿ ಹೋಗಲಿ, ನನ್ನ ಮನಸೇ ನನ್ನ ಬಿಡಂಗಿಲ್ಲ" ಅಂದಳು.

ಪ್ರತಿಜ್ಞೆಯ ಸಂಖ್ಯೆ ಹೇಳಿ ಪಾಠ ಮಾಡಲು ಬಾಯಿ ತೆರೆದಿದ್ದೆ. ಆಗ ನನ್ನದೇ ಒಂದು ಗುಟ್ಟು ನೆನಪಾಗಿ ಬಾಯಿ ಮುಚ್ಚಿತು. ಬಳಗದಲ್ಲಿ ಹೇಳಿಬಿಡುತ್ತೇನೆ. ರಜೆ ಮುಗಿದು ಹೋದಾಗ ಸ್ಟಾಫ್ ರೂಮಿನಲ್ಲಿ ಪ್ರತಿವರ್ಷ "ಟೀಚರ್, ಲಕ್ಷ್ಮೀಪೂಜಿ ಜೋರಾತೇನ್ರಿ?" ಎಂದು ಕೇಳುತ್ತಾರೆ. "ಆತ್ರಿ, ಆತು" ಎಂದು ನಕ್ಕು ಹಾಜರಿ ಪುಸ್ತಕ ತೆಗೆಯುತ್ತೇನೆ. ನಾವು ಮಾಡುವುದಿಲ್ಲ ಎಂದು ಒಂದು ವರ್ಷವೂ ಹೇಳಿಲ್ಲ. ವೈನಿಯ ಅಂಜಿಕೆ ಅಂಗಳದಲ್ಲಿ ಕಾಣುತ್ತದೆ. ನನ್ನದು ನಗುವಿನೊಳಗೆ ಮಂಚದ ಕೆಳಗೆ ಕೂತಿದೆ.

ಹೋರಿ ಅಂದೆನಲ್ಲ, ಅದು ಅಣ್ಣನ ಮಗನದು. ಇಪ್ಪತ್ತೊಂದು ವರ್ಷದ ಹುಡುಗ. ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತ ಕೂತಿದ್ದಾನೆ. ತಾನು ಚಹಾ ಬಿಟ್ಟು ಅದಕ್ಕೆ ಹುರುಳಿ, ಹತ್ತಿಕಾಳು, ಮೊಟ್ಟೆ ಹಾಕುತ್ತಾನೆ. ದಿನಾ ಬೆಳಿಗ್ಗೆ ಕೆರೆಯಲ್ಲಿ ಈಜಿಸುತ್ತಾನೆ. ಅದರ ಝೂಲದ ಮೇಲೆ ನೀಲಿ ಬಟ್ಟೆಯಲ್ಲಿ ಬಿಳಿ ಅಕ್ಷರ: ಜೈ ಭೀಮ್.

ನಾನು ಅವನಿಗೆ ಹದಿಮೂರನೆಯ ಪ್ರತಿಜ್ಞೆ ನೆನಪಿಸಿದೆ. ಎಲ್ಲ ಜೀವಿಗಳ ಮೇಲೆ ಕರುಣೆ ತೋರಿ ಕಾಪಾಡುತ್ತೇನೆ ಎಂಬುದು. ಬೆದರಿಸುವ ಆಟದಲ್ಲಿ ಬಾಬಾಸಾಹೇಬರ ಹೆಸರು ಯಾಕೆ ಎಂದೆ. ಅವನು ಹಗ್ಗ ಹೊಸೆಯುವುದು ಬಿಟ್ಟು ನನ್ನ ಮುಖ ನೋಡಿದ.

"ಅತ್ತಿ, ಮೊದಲ ನಮ್ಮ ಮಂದಿ ಹಬ್ಬಕ್ಕ ಹಲಗಿ ಬಡಿಯಾಕ ಅಷ್ಟ ಹೋಗ್ತಿದ್ರು. ಹೋರಿ ಎಲ್ಲಾ ಅವರವು. ಈಗ ನಮ್ಮ ಹೋರಿ ಓಡತೈತಿ. ಜೈ ಭೀಮ್ ಬಂತು, ಜೈ ಭೀಮ್ ಬಂತು, ದಾರಿ ಬಿಡ್ರಿ ಅಂತ ಮೈಕಿನ್ಯಾಗ ಕೂಗ್ತಾರ. ಆ ಹೆಸರ ಬಾಯಾಗ ತರಲಾರದವರೂ ಅವತ್ತ ತರತಾರ. ಇದನ್ನೂ ಬ್ಯಾಡ ಅಂತಿ ಏನು?"

ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. 'ಬುದ್ಧ ಮತ್ತು ಆತನ ಧಮ್ಮ'ದ ಹಕ್ಕಿಯ ಪ್ರಸಂಗ ಹೇಳಿದೆ. ಬಾಲಕ ಸಿದ್ಧಾರ್ಥ ಹೊಲದ ಬದಿಯ ಮರದ ನೆರಳಲ್ಲಿ ನಿಸರ್ಗದ ಶಾಂತಿ ಸವಿಯುತ್ತ ಕೂತಿದ್ದಾಗ ಬಾಣ ನಾಟಿದ ಹಕ್ಕಿ ಮುಂದೆ ಬಂದು ಬೀಳುತ್ತದೆ. ಹೊಡೆದವನು ದೇವದತ್ತ, ಉಪಚರಿಸಿದವನು ಸಿದ್ಧಾರ್ಥ. ಹಕ್ಕಿ ಉಳಿಸಿದವನದೇ ಎಂದು ತೀರ್ಪಾಗುತ್ತದೆ. "ಹಂಗಾದ್ರ ಹೋರಿ ನಂದ ಆತಲ್ಲ. ಕರು ಇದ್ದಾಗ ಬಾಯಾಗ ಬಾಟ್ಲಿ ಇಟ್ಟು ಹಾಲ ಕುಡಿಸಿ ಉಳಿಸಿದಾವ ನಾನ" ಅಂದ. ಪಾಠ ಹೇಳುವವರಿಗೆ ಇಂಥ ಶಿಷ್ಯರು ಸಿಗಬೇಕು.

ಅವನ ಮಾತು ನನ್ನನ್ನು ಅಪ್ಪನ ಹತ್ತಿರ ಕರೆದೊಯ್ಯಿತು. ಅಪ್ಪ ಈ ಹಬ್ಬದ ಹಲಗೆಯವರು. ಹಬ್ಬದ ಬೆಳಿಗ್ಗೆ ಹುಲ್ಲಿನ ಬೆಂಕಿಗೆ ಹಲಗೆ ಕಾಸಿ, ಬೆರಳಲ್ಲಿ ತಟ್ಟಿ ಸದ್ದು ನೋಡಿ ಹೊರಡುತ್ತಿದ್ದರು. ಗದ್ದಲ ಎಂದು ನಾನಿವತ್ತು ಬೈಯುತ್ತಿರುವುದರಲ್ಲಿ ಅರ್ಧ ನಮ್ಮವರ ಕೈಯಿಂದಲೇ ಎದ್ದದ್ದು, ನಮ್ಮವರು ಹೊತ್ತ ಸತ್ತ ದನದ ಚರ್ಮದಿಂದಲೇ ಎದ್ದದ್ದು. ಕೂಲಿ ಅಂತ ಒಂದಿಷ್ಟು ಕಾಳು, ದೂರದಿಂದ ಸುರಿದ ಅಂಬಲಿ. ಪ್ರೊ. ಬಿ. ಕೃಷ್ಣಪ್ಪನವರ ದಲಿತ ಸಂಘರ್ಷ ಸಮಿತಿಯ ಮಾತು ನಮ್ಮ ಕೇರಿಗೂ ಬಂದ ಮೇಲೆ, ನಾನು ಮೂರನೇ ಇಯತ್ತೆಯಲ್ಲಿದ್ದಾಗ, ಅಪ್ಪ ಹಲಗೆಯನ್ನು ಗೂಟಕ್ಕೆ ತೂಗುಹಾಕಿದರು. ಮತ್ತೆ ಇಳಿಸಲಿಲ್ಲ. ಆ ವರ್ಷ ಯಾರೂ ನಮ್ಮವರನ್ನು ಕೂಲಿಗೆ ಕರೆಯಲಿಲ್ಲ. ರಾತ್ರಿ ಅವ್ವ ಅಂಜಿ ಬಾಗಿಲಿಗೆ ಒರಳು ಅಡ್ಡ ಇಡುತ್ತಿದ್ದುದು ನೆನಪಿದೆ. ಎಷ್ಟೋ ವರ್ಷದ ಮೇಲೆ ಅಪ್ಪ ನನಗೊಂದು ಮಾತು ಹೇಳಿದ್ದರು: "ಮಂದಿ ತಿಳಕೊಂಡಾರ, ಹೋರಿ ಹಲಗೀ ಸಪ್ಪಳಕ್ಕ ಹುರುಪಾಗಿ ಓಡತೈತಿ ಅಂತ. ಅದು ಅಂಜಿ ಓಡತೈತಿ. ಬಡಿಯಾವಗ ಅದರ ಕಣ್ಣು ಕಾಣತೈತಿ."

ಸಾಮ್ರಾಟ ಅಶೋಕ ತನ್ನ ಮೊದಲ ಶಿಲಾಶಾಸನದಲ್ಲಿ ಪ್ರಾಣಿವಧೆ ಬೇಡ ಎನ್ನುವ ಮಾತಿನ ಜೊತೆಗೇ 'ಸಮಾಜ' ಎಂಬ ಜನಜಾತ್ರೆಗಳಲ್ಲಿ ಬಹಳ ದೋಷ ಕಾಣುತ್ತೇನೆ ಎನ್ನುತ್ತಾನೆ. ಒಡನೆಯೇ, ಕೆಲವು ಜಾತ್ರೆಗಳು ಒಳ್ಳೆಯವೂ ಇವೆ ಎಂದು ಸೇರಿಸುತ್ತಾನೆ. ಬಳ್ಳಾರಿಯಾಚೆ ಆಂಧ್ರದ ಯರ್ರಗುಡಿಯ ಬಂಡೆಯ ಮೇಲೂ ಆ ಶಾಸನವಿದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅವನಷ್ಟು ದೊಡ್ಡ ರಾಜನೂ ಒಂದೇ ಏಟಿಗೆ ತೀರ್ಮಾನಿಸಲಿಲ್ಲ. ನನ್ನ ಮಟ್ಟಿಗೆ, ನಮ್ಮ ಹುಡುಗ ಅಖಾಡಕ್ಕೆ ತಲೆ ಎತ್ತಿ ಹೋಗುವುದು ಬೇಕು, ಹೋರಿ ಬೆದರುವುದು ಬೇಡ. ಎರಡನ್ನೂ ಕೂಡಿಸುವ ದಾರಿ ನನಗೆ ಹೊಳೆದಿಲ್ಲ. ಹೊಳೆದವರು ಬಳಗದಲ್ಲಿ ಬರೆಯಿರಿ.

ಓಟದ ದಿನ ನಾನು ಹೋಗಲಿಲ್ಲ. ಮೋತಿಯ ಕಿವಿ ಮುಚ್ಚಿಕೊಂಡು ಒಳಕೋಣೆಯಲ್ಲಿ ಕೂತಿದ್ದೆ. ಓಟದಲ್ಲಿ ಜನ ಸತ್ತ ಸುದ್ದಿ ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ, ಆ ದಿಗಿಲೂ ಇತ್ತು. ಜೈ ಭೀಮ್ ಬಂತು ಎಂದು ಮೈಕು ಕೂಗಿದ್ದು ಕೇಳಿಸಿತು. ಸುಳ್ಳು ಹೇಳುವುದಿಲ್ಲ, ಆ ಒಂದು ಗಳಿಗೆ ನನ್ನ ಮೈ ಝುಮ್ ಎಂದಿತು. ಮರುಗಳಿಗೆ ಅಪ್ಪನ ಮಾತು.

ಮರುದಿನ ನಸುಕಿನಲ್ಲಿ ಮೋತಿಯ ಬೆಲ್ಟು ಹಿಡಿದು ಕೆರೆ ಏರಿಗೆ ಹೋದೆ. ರಾತ್ರಿಯೆಲ್ಲ ಕುಣಿದವರು ಮಲಗಿದ್ದರು, ಊರು ಸತ್ತಂತೆ ಸ್ತಬ್ಧ. ಹಿಂಗಾರಿನ ಮಳೆ ಚೆನ್ನಾಗಿ ಆಗಿದ್ದರಿಂದ ಕೆರೆ ತುಂಬಿತ್ತು. ಆಚೆ ದಂಡೆಯ ಹೊಲಗಳಲ್ಲಿ ಗೋವಿನಜೋಳದ ತೆನೆ ಮುರಿದು ದಂಟು ಒಣಗಿ ನಿಂತಿತ್ತು. ಜಾಲಿಗಿಡದ ಕೆಳಗೆ ಕೂತೆ. ಹಾನಗಲ್ಲಿನ ಮನೆಯಿಂದ ಹೊರಟ ಮೇಲೆ ಮೋತಿ ಮೊದಲ ಸಲ ಬಾಲ ಅಲ್ಲಾಡಿಸಿತು. ನೀರುಕೋಳಿಯೊಂದು ಆಪಿನ ಸಂದಿಯಿಂದ ಹೊರಬಂದು ನಮ್ಮನ್ನು ನೋಡಿ ಒಳಹೋಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಹೊರಬಂತು. ಒಳಗೆ ಹೋಯಿತು, ಹೊರಗೆ ಬಂತು. ನಾಲ್ಕನೆಯ ಸಲ ಮರಿಗಳನ್ನೂ ಕರೆತಂದಿತು.

ನಿಸರ್ಗದಲ್ಲಿ ಶ್ರದ್ಧೆ ಎಂದಕೂಡಲೇ ನಮ್ಮ ಬಳಗದ ಹಿರಿಯರು ಹುಬ್ಬೇರಿಸುತ್ತೀರಿ, ಗೊತ್ತು. ಗಿಡಕ್ಕೆ ದಾರ ಸುತ್ತುವುದು, ಹುತ್ತಕ್ಕೆ ಹಾಲೆರೆಯುವುದು ಬಿಟ್ಟು ಬಂದವರು ನಾವು. ಪಾಲಿಯ ಸದ್ಧಾ ಅದಲ್ಲ. ಬಂದು ನೋಡು, ಏಹಿಪಸ್ಸಿಕೋ ಎಂದು ಕರೆಯುವ ಧಮ್ಮದಲ್ಲಿ ನೋಡಿದ ಮೇಲೆ ಹುಟ್ಟುವ ಭರವಸೆ ಅದು, ಜೊತೆಗೆ ನೋಡಲು ಹೊರಡುವುದಕ್ಕೆ ಬೇಕಾಗುವಷ್ಟು ಧೈರ್ಯವೂ ಹೌದು. ಸವಣೂರಿನ ಮೂರು ದೊಡ್ಡ ಹುಣಸೆ ಮರಗಳು ನಿಮಗೆಲ್ಲ ಗೊತ್ತು. ಹೆಸರು ಹುಣಸೆ, ಜಾತಿ ಆಫ್ರಿಕಾ ಮೂಲದ ಬಾವೊಬಾಬ್. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ಅಷ್ಟು ಶತಮಾನದ, ಅಷ್ಟು ದಪ್ಪದ ಮರ, ಕಡಿದು ಸಾಗಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅರಣ್ಯ ಇಲಾಖೆಯವರು, ಪರಿಸರಪ್ರಿಯರು ಸೇರಿ ಟೊಂಗೆ ಸವರಿ, ಯಂತ್ರ ತರಿಸಿ, ಅದನ್ನು ಎತ್ತಿ ಮತ್ತೆ ನೆಟ್ಟರು. ಬದುಕಿಯೇ ಬದುಕುತ್ತದೆ ಎಂದು ಯಾರೂ ಅವರಿಗೆ ಬರೆದುಕೊಟ್ಟಿರಲಿಲ್ಲ. ಅಂಥದನ್ನು ಶ್ರದ್ಧೆ ಎನ್ನಲು ನನಗೆ ಸಂಕೋಚವಿಲ್ಲ. ಹಲಗೆ ಗೂಟಕ್ಕೆ ಹಾಕಿದ ರಾತ್ರಿ ನಮ್ಮಪ್ಪನಲ್ಲಿ ಇದ್ದದ್ದೂ ಅದೇ ಇರಬೇಕು. ಅವರು ಬುದ್ಧನ ಹೆಸರನ್ನೇ ಆಗ ಕೇಳಿರಲಿಲ್ಲ.

ಆ ನೀರುಕೋಳಿ ಅಂಜಿಯೇ ಒಳಹೋಗುತ್ತಿತ್ತು. ಆದರೂ ಹೊರಬರುತ್ತಿತ್ತು. ಮಂಚದ ಕೆಳಗೆ ಕೂತ ರಾತ್ರಿ ನಾನು ಕಂಡದ್ದೂ ಇಷ್ಟೇ: ಅಂಜಿಕೆ ಬರುತ್ತದೆ, ಅಷ್ಟು ಹೊತ್ತು ಇರುತ್ತದೆ, ಓಡದೆ ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಇಳಿಯುತ್ತದೆ. ಅನಿಚ್ಚ ಎಂಬ ಪದವನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಅದು ನಾಯಿಯ ಹೊಟ್ಟೆಯ ಏರಿಳಿತದಲ್ಲಿ ಸಿಗುತ್ತದೆ ಎಂದುಕೊಂಡಿರಲಿಲ್ಲ.

ಹಿಂದೆ ಗೊರಸಿನ ಸಪ್ಪಳವಾಯಿತು. ಅಣ್ಣನ ಮಗ ಹೋರಿಯನ್ನು ನೀರಿಗೆ ತಂದಿದ್ದ. ಝೂಲ ಇಲ್ಲ, ಬಲೂನು ಇಲ್ಲ, ಬರೀ ಹೋರಿ. ಕೊರಳಲ್ಲಿ ಹಗ್ಗ ಒರೆದ ಕೆಂಪು ಗೆರೆ, ಅದರ ಮೇಲೆ ಅರಿಶಿನ ಎಣ್ಣೆ ಹಚ್ಚಿದ್ದ. ನನ್ನನ್ನು ನೋಡಿ ಏನೂ ಅನ್ನದೆ ಅದರ ಮೈ ತೊಳೆಯತೊಡಗಿದ. ಮೋತಿ ಎದ್ದು ಹೋಗಿ ಹೋರಿಯ ಕಾಲು ಮೂಸಿತು. ಅದು ತಲೆ ಬಗ್ಗಿಸಿ ಮೋತಿಯ ಬೆನ್ನು ಮೂಸಿತು.

"ರಾತ್ರಿ ಮೇವ ಮುಟ್ಟಿಲ್ಲ ಅತ್ತಿ" ಅಂದ, ನೀರು ಎರಚುತ್ತಲೇ. "ಗೆದ್ದು ಬಂದೈತಿ. ಆದರ ಹಗ್ಗ ಬಿಚ್ಚಿದ್ರೂ ಮೂಲ್ಯಾಗ ನಿಂತು ನಡುಗಾಕತ್ತಿತ್ತು. ನಾ ಬೆಳತನಕ ಅದರ ಕಡೇಕ ಕೂತಿದ್ದೆ."

ನಾನು ಸುತ್ತದ ಮಾತು ತೆಗೆಯಲಿಲ್ಲ, ಪ್ರತಿಜ್ಞೆಯ ಸಂಖ್ಯೆಯನ್ನೂ ಹೇಳಲಿಲ್ಲ. ಸರಿದು ಜಾಲಿಯ ನೆರಳಲ್ಲಿ ಅವನಿಗೂ ಜಾಗ ಮಾಡಿದೆ. ಅಷ್ಟರಲ್ಲಿ ಪಕ್ಕದ ಊರಿನ ಕಡೆಯಿಂದ ದೊಡ್ಡದೊಂದು ಪಟಾಕಿ ಢಮಾರ್ ಎಂದಿತು. ಕೊಕ್ಕರೆಗಳೆಲ್ಲ ಒಮ್ಮೆಗೇ ಎದ್ದವು. ಮೋತಿ ನನ್ನ ಸೀರೆಯೊಳಗೆ ತಲೆ ತುರುಕಿತು, ಹೋರಿಯ ಕಿವಿ ನೆಟ್ಟಗಾಗಿ ಕಾಲು ತಡವರಿಸಿತು. ಹುಡುಗ ಒದ್ದೆ ಅಂಗೈಯನ್ನು ಅದರ ಕೊರಳ ಮೇಲಿಟ್ಟು, ತೆಗೆಯದೆ ಹಾಗೇ ನಿಂತ. ಕೊಕ್ಕರೆಗಳು ಒಂದು ಸುತ್ತು ಹಾಕಿ ಮತ್ತೆ ಆಚೆ ದಂಡೆಗೆ ಇಳಿಯತೊಡಗಿದವು.

ರಜೆ ಮುಗಿದಿದೆ, ಇವತ್ತು ಶಾಲೆ ಶುರು. ಸ್ಟಾಫ್ ರೂಮಿನಲ್ಲಿ ಆ ಪ್ರಶ್ನೆ ಕಾಯುತ್ತಿದೆ. ಹೋಗಿಬರುತ್ತೇನೆ.

ಭವತು ಸಬ್ಬ ಮಂಗಲಂ.